ಭಾಷಣ ಬಿಡಿ, ಕ್ಷೇತ್ರ ಹಿಡಿಯಿರಿ: ಅಂತರ್ಯುದ್ಧದ ನಡುವಿನ ವಿರೋಧ ಪಕ್ಷದ ನಾಯಕನನ್ನು ಓದುವುದು ಹೇಗೆ?

ಶ್ರೀಲಂಕಾದ ಯುದ್ಧ ಎಂದೊಡನೆ ನಮಗೆ ನೆನಪಾಗುವುದು ಪ್ರಭಾಕರನ್, ಜಯವರ್ಧನೆ, ರಾಜೀವ್ ಗಾಂಧಿ. ಅಲ್ಲಿನ ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ತಮಿಳು ರಾಜಕಾರಣಿ ಅಪ್ಪಾಪಿಳ್ಳೈ ಅಮೃತಲಿಂಗಂ ಹೆಸರು ಹೇಳಿದರೆ ಹಳಬರೂ ತಲೆ ಕೆರೆದುಕೊಳ್ಳುತ್ತಾರೆ. ಅತ್ತ ಸರ್ಕಾರ, ಇತ್ತ ಬಂದೂಕು, ನಡುವೆ ಸಂಸತ್ತಿನ ಕುರ್ಚಿ: ಇಂಥವರ ಬದುಕನ್ನು ಓದುವುದಕ್ಕೆ ಒಂದು ಕ್ರಮ ಬೇಕು. ನಾನು ಮಾಡುವ ಕ್ರಮ ಇದು.

ಮೊದಲು ಒಂದು ಹಾಳೆ, ಮೂರು ಕಾಲಂ. ಎಡಗಡೆ ‘ಸಂಸತ್ತು’, ಬಲಗಡೆ ‘ಹುಡುಗರು’, ನಡುವೆ ‘ಕ್ಷೇತ್ರ’. ಉತ್ತರದ ತಮಿಳು ಪ್ರದೇಶ ಜಾಫ್ನಾದ ಜನ ಬಂದೂಕು ಹಿಡಿದವರನ್ನು ಹುಡುಗರು ಎಂದೇ ಕರೆಯುತ್ತಿದ್ದರು, ಹಾಗಾಗಿ ಆ ಹೆಸರು. ಪೆನ್ಸಿಲ್ಲಿನಲ್ಲೇ ಬರೆಯಿರಿ, ಅಳಿಸುವ ಕೆಲಸ ಇದ್ದೇ ಇರುತ್ತದೆ. ಭಾಷಣಗಳಿಗೆ ಕಾಲಂ ಇಲ್ಲ. ವೇದಿಕೆಯ ಮೇಲೆ ಎಲ್ಲ ನಾಯಕರೂ ಗಟ್ಟಿಗರೇ.

ಎರಡನೆಯದು, ಯುದ್ಧಕ್ಕಿಂತ ಹಿಂದಿನಿಂದ ಹೊರಡಿ. ಈ ಯುದ್ಧಕ್ಕೆ ಸಾಮಾನ್ಯವಾಗಿ ಕೊಡುವ ಇಸವಿ 1983. ಅಲ್ಲಿಂದ ಶುರು ಮಾಡಿದರೆ ಅಮೃತಲಿಂಗಂ ಅರ್ಥವಾಗುವುದಿಲ್ಲ. 1956ಕ್ಕೆ ಹೋಗಿ. ಸಿಂಹಳವೊಂದೇ ಆಡಳಿತ ಭಾಷೆ ಎಂಬ ಮಸೂದೆಯ ವಿರುದ್ಧ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ತಮಿಳರ ಫೆಡರಲ್ ಪಕ್ಷದವರು ಸತ್ಯಾಗ್ರಹಕ್ಕೆ ಕೂತರು. ಗುಂಪು ಬಂದು ಹೊಡೆಯಿತು. ಆ ವರ್ಷವಷ್ಟೇ ತವರಿನ ವಟ್ಟುಕೋಟ್ಟೈಯಿಂದ ಗೆದ್ದಿದ್ದ ಈ ಯುವ ವಕೀಲ ತಲೆಗೆ ಬ್ಯಾಂಡೇಜ್ ಸುತ್ತಿಕೊಂಡೇ ಸದನದೊಳಕ್ಕೆ ಹೋದರು. ಕ್ಷೇತ್ರದ ಕಾಲಂನಲ್ಲಿ ಬರೆಯಿರಿ: ವಟ್ಟುಕೋಟ್ಟೈ, ಸ್ವಂತ ಊರು. 1970ರಲ್ಲಿ ಅಲ್ಲೇ ಸೋತರು. ಅದನ್ನೂ ಬರೆಯಿರಿ.

ಮೂರನೆಯದು, 1976–77. ಇಲ್ಲಿ ನಿಧಾನ. 1976ರ ಮೇ ತಿಂಗಳಲ್ಲಿ ಫೆಡರಲ್ ಪಕ್ಷವೂ ಸೇರಿದ್ದ ತಮಿಳು ಪಕ್ಷಗಳ ಒಕ್ಕೂಟ ಟಿಯುಎಲ್‌ಎಫ್ ತಮಿಳು ಈಳಂ ಎಂಬ ಪ್ರತ್ಯೇಕ ದೇಶ ಬೇಕೆಂದು ವಟ್ಟುಕೋಟ್ಟೈ ನಿರ್ಣಯ ಕೈಗೊಂಡಿತು. ಕೆಲವೇ ದಿನಗಳಲ್ಲಿ ಕರಪತ್ರ ಹಂಚಿದ್ದಕ್ಕೆ ಅಮೃತಲಿಂಗಂ ಬಂಧನ, ಜ್ಯೂರಿಯಿಲ್ಲದ ವಿಚಾರಣೆ, ಆಮೇಲೆ ಬಿಡುಗಡೆ. ಮರುವರ್ಷ ಏಪ್ರಿಲ್‌ನಲ್ಲಿ ಹಿರಿಯ ನಾಯಕ, ಅಮೃತಲಿಂಗಂ ಅವರ ಗುರು ಚೆಲ್ವನಾಯಗಂ ತೀರಿಕೊಂಡರು. ಅವರ ಕಾಂಗೇಶನ್‌ತುರೈ ಕ್ಷೇತ್ರ ಶಿಷ್ಯನ ಪಾಲಿಗೆ ಬಂತು.

ಈಗ ಜುಲೈ 1977ರ ಲೆಕ್ಕ ನೋಡಿ. ಒಟ್ಟು 168 ಸ್ಥಾನ. ಜಯವರ್ಧನೆಯವರ ಪಕ್ಷ ಯುಎನ್‌ಪಿಗೆ 140. ಅದುವರೆಗೆ ಪ್ರಧಾನಿಯಾಗಿದ್ದ ಸಿರಿಮಾವೊ ಬಂಡಾರನಾಯಕೆ ಅವರ ಪಕ್ಷಕ್ಕೆ ಶೇ 30ರ ಹತ್ತಿರ ಮತ, ಸ್ಥಾನ ಮಾತ್ರ 8. ಉತ್ತರ–ಪೂರ್ವದಲ್ಲಷ್ಟೇ ನಿಂತ ಟಿಯುಎಲ್‌ಎಫ್‌ಗೆ ಶೇ 7ಕ್ಕಿಂತ ಕಡಿಮೆ ಮತ, ಸ್ಥಾನ 18. ಹೀಗೆ ದೇಶ ಒಡೆಯಬೇಕು ಎಂದು ಮತ ಕೇಳಿದ ಅಮೃತಲಿಂಗಂ ಅದೇ ದೇಶದ ಅಧಿಕೃತ ವಿರೋಧ ಪಕ್ಷದ ನಾಯಕರಾಗಿ ಕೂತರು. ನನ್ನ ಮಟ್ಟಿಗೆ ಇಡೀ ಕಥೆಯ ಬೇರು ಈ ಲೆಕ್ಕದಲ್ಲಿದೆ. ಮಾತಿನಲ್ಲಿ ಈಳಂ, ಕೆಲಸದಲ್ಲಿ ಸಂಸತ್ತು. ಎರಡೂ ದೋಣಿಗೆ ಒಂದೊಂದು ಕಾಲು.

ಬಲಗಡೆಯ ಕಾಲಂ ತುಂಬುವುದೂ ಇಲ್ಲೇ. ಸಭೆಗಳಲ್ಲಿ ಯುವಕರು ಬೆರಳು ಕೊಯ್ದುಕೊಂಡು ಅಮೃತಲಿಂಗಂ ಹಣೆಗೆ ರಕ್ತದ ತಿಲಕ ಇಡುತ್ತಿದ್ದರು, ‘ದಳಪತಿ’ ಎಂದು ಜೈಕಾರ ಹಾಕುತ್ತಿದ್ದರು. ಅವರು ಬೇಡ ಎನ್ನಲಿಲ್ಲ. ಎನ್ನಬೇಕಿತ್ತು ಎಂದು ಈಗ ಕೂತು ಹೇಳುವುದು ಸುಲಭ, ಬಿಡಿ.

ನಾಲ್ಕನೆಯದು, ಕುರ್ಚಿ ಹೇಗೆ ಹೋಯಿತು ಎಂದು ಹುಡುಕಿ. ಮತದಿಂದಲೋ, ಕಾನೂನಿನಿಂದಲೋ, ಗುಂಡಿನಿಂದಲೋ? 1981ರಲ್ಲಿ ಜಾಫ್ನಾ ಗ್ರಂಥಾಲಯ ಸುಟ್ಟುಹೋಯಿತು, ಸುಮಾರು 97 ಸಾವಿರ ಪುಸ್ತಕ ಬೂದಿಯಾದವು. ಅದೇ ವರ್ಷ ಜುಲೈನಲ್ಲಿ ಸದನದಲ್ಲಿ ಒಂದು ವಿಚಿತ್ರ: ವಿರೋಧ ಪಕ್ಷದ ನಾಯಕನ ವಿರುದ್ಧ ಆಡಳಿತ ಪಕ್ಷದ ಅವಿಶ್ವಾಸ ನಿರ್ಣಯ. ಸಾಮಾನ್ಯವಾಗಿ ಇದು ಉಲ್ಟಾ ಇರಬೇಕಲ್ಲವೇ? 1983ರ ಜುಲೈನ ತಮಿಳರ ಹತ್ಯಾಕಾಂಡದ ಬೆನ್ನಲ್ಲೇ ಸಂವಿಧಾನದ ಆರನೇ ತಿದ್ದುಪಡಿ ಬಂತು. ಪ್ರತ್ಯೇಕ ದೇಶ ಕೇಳುವುದಿಲ್ಲ ಎಂದು ಪ್ರಮಾಣ ಮಾಡದ ಸಂಸದರಿಗೆ ಜಾಗವಿಲ್ಲ. ಟಿಯುಎಲ್‌ಎಫ್‌ನವರು ಪ್ರಮಾಣ ಮಾಡಲಿಲ್ಲ, ಸದನಕ್ಕೆ ಹೋಗಲಿಲ್ಲ, ಸ್ಥಾನ ಕಳೆದುಕೊಂಡರು. ಕ್ಷೇತ್ರದ ಕಾಲಂನಲ್ಲಿ ಒಂದು ಗೀಟು ಎಳೆಯಿರಿ.

ಐದನೆಯದು, ಕ್ಷೇತ್ರವಿಲ್ಲದ ವರ್ಷಗಳು. ಮದ್ರಾಸಿನಲ್ಲಿ ವಾಸ, ದೆಹಲಿಗೆ ಓಡಾಟ. 1985ರಲ್ಲಿ ಭೂತಾನಿನ ಥಿಂಪುವಿನಲ್ಲಿ ಶ್ರೀಲಂಕಾ ಸರ್ಕಾರದ ಜೊತೆ ನಡೆದ ಮಾತುಕತೆಯಲ್ಲಿ ಅವರ ಪಕ್ಷವೂ ಕೂತಿತು. ಆದರೆ ಅದೇ ಮೇಜಿಗೆ ಬಂದೂಕಿನ ಗುಂಪುಗಳೂ ಬಂದಿದ್ದವು. ಆ ಸೆಪ್ಟೆಂಬರ್‌ನಲ್ಲಿ ಪಕ್ಷದ ಇಬ್ಬರು ಮಾಜಿ ಸಂಸದರಾದ ಧರ್ಮಲಿಂಗಂ, ಆಲಾಲಸುಂದರಂ ಅವರನ್ನು ಜಾಫ್ನಾದ ಮನೆಗಳಿಂದ ಎಳೆದೊಯ್ದು ಕೊಂದರು. ಕೊಂದವರು ಸೈನಿಕರಲ್ಲ, ಹುಡುಗರು.

ಆರನೆಯದು, ಮರಳಿ ಬಂದ ಚುನಾವಣೆ. ಫೆಬ್ರವರಿ 1989. ನಿಂತದ್ದು ಉತ್ತರದಲ್ಲಲ್ಲ, ಪೂರ್ವದ ಮಟ್ಟಕ್ಕಳಪ್ಪಿನಲ್ಲಿ, ನಾವು ಬ್ಯಾಟಿಕಲೋವ ಎನ್ನುವ ಊರು. ಪಕ್ಷದ ಉದಯಸೂರ್ಯ ಚಿಹ್ನೆಯಲ್ಲೇ ಮಾಜಿ ಉಗ್ರಗಾಮಿ ಗುಂಪುಗಳವರೂ ನಿಂತಿದ್ದರು. ಸೂರ್ಯ ಗೆದ್ದ, ಅಮೃತಲಿಂಗಂ ಸೋತರು. ಕೊನೆಗೆ, ಕ್ಷೇತ್ರವಿಲ್ಲದೆ ಪಕ್ಷಕ್ಕೆ ಸಿಗುವ ಸ್ಥಾನಗಳ ರಾಷ್ಟ್ರೀಯ ಪಟ್ಟಿಯ ಮೂಲಕ ಸದನ ಸೇರಿದರು. ಈಗ ನಡುವಿನ ಕಾಲಂ ಮೇಲಿಂದ ಕೆಳಕ್ಕೆ ಓದಿ: ಸ್ವಂತ ಊರು, ಗುರುವಿನ ಊರು, ಗೀಟು, ಬೇರೆಯವರ ಊರು, ಯಾವ ಊರೂ ಇಲ್ಲ.

ಕೊನೆಯದು, ಸಾವನ್ನು ಬರೆಯುವಾಗ ವಿಶೇಷಣ ಬೇಡ, ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯಿರಿ. ಜುಲೈ 13, 1989, ಕೊಲಂಬೊದ ಮನೆ. ಮಾತುಕತೆಗೆಂದು ಎಲ್‌ಟಿಟಿಇಯ ಮೂವರು ಬರುವವರಿದ್ದರು. ಅವರನ್ನು ತಡಕಿ ನೋಡಬೇಡಿ ಎಂದು ಕಾವಲಿನ ಪೊಲೀಸರಿಗೆ ಪಕ್ಷದ ಯೋಗೇಶ್ವರನ್ ಹೇಳಿದ್ದರು. ಬಂದವರ ಜೊತೆ ಮಾತು ನಡೆಯಿತು. ಆಮೇಲೆ ಗುಂಡು ಹಾರಿತು. ಅಮೃತಲಿಂಗಂ, ಯೋಗೇಶ್ವರನ್ ಸತ್ತರು. ಪಕ್ಷದ ಮತ್ತೊಬ್ಬ ನಾಯಕ ಶಿವಸಿದಂಬರಂ ಗಾಯಗೊಂಡು ಉಳಿದರು. ಗುಂಡು ಹಾರಿಸಿದ ಮೂವರನ್ನೂ ಕಾವಲಿನವರು ಅಲ್ಲೇ ಹೊಡೆದುರುಳಿಸಿದರು. ಆ ಕಾವಲಿನವರು ಇದ್ದದ್ದು ಅಮೃತಲಿಂಗಂ ಬದುಕಿಡೀ ಎದುರು ಹಾಕಿಕೊಂಡ ಸರ್ಕಾರದ ಸಂಬಳದಲ್ಲಿ.