ತಾಹೋ ಸರೋವರದ ಮಲೆಜಾಡುಗಳಲ್ಲಿ ಸೈಕಲ್: ಮೊದಲ ಮೂರು ದಿನ

ಮುಳ್ಳಯ್ಯನಗಿರಿಯ ತುದಿ ಸಮುದ್ರಮಟ್ಟದಿಂದ 1,930 ಮೀಟರ್ ಮೇಲಿದೆ. ಅಮೆರಿಕದ ಕ್ಯಾಲಿಫೋರ್ನಿಯಾ, ನೆವಾಡಾ ರಾಜ್ಯಗಳ ಗಡಿಯಲ್ಲಿರುವ ತಾಹೋ ಸರೋವರದಲ್ಲಿ ನೀರಿನ ಮಟ್ಟವೇ ಸುಮಾರು 1,897 ಮೀಟರ್. ಕರ್ನಾಟಕದ ಅತಿ ಎತ್ತರದ ಬೆಟ್ಟ ಎಲ್ಲಿ ಮುಗಿಯುತ್ತದೋ ಹೆಚ್ಚುಕಮ್ಮಿ ಅಲ್ಲಿಂದ ಇಲ್ಲಿನ ಜಾಡುಗಳು ಏರತೊಡಗುತ್ತವೆ. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆಯ ಕನ್ನಡಿಗರು ಶುಕ್ರವಾರ ಸಂಜೆ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಹೊರಟರೆ, ರಸ್ತೆಯಲ್ಲಿ ದಟ್ಟಣೆ ಇಲ್ಲದಿದ್ದರೆ ನಾಲ್ಕು ಗಂಟೆಯಲ್ಲಿ ಸೌತ್ ಲೇಕ್ ತಾಹೋ ಊರು ತಲುಪುತ್ತಾರೆ. ಆದರೆ ದೇಹವೂ ಸೈಕಲ್ಲೂ ಇನ್ನೂ ಸಮುದ್ರಮಟ್ಟದ ಲೆಕ್ಕದಲ್ಲೇ ಇರುತ್ತವೆ. ಶನಿವಾರದ ಪಂಕ್ಚರ್, ತಲೆನೋವು, ಮರಳಿನಲ್ಲಿ ಬೀಳುವುದು, ಇವುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಮನೆಯಲ್ಲಿ ಹೊಂದಿಸಿದ್ದನ್ನು ಇಲ್ಲಿ ಮತ್ತೊಮ್ಮೆ ಹೊಂದಿಸಿಕೊಳ್ಳಿ. ಜಾಡುಗಳನ್ನೂ ಒಂದು ಕ್ರಮದಲ್ಲಿ ಹಿಡಿಯಿರಿ.

ಯಾವಾಗ ಹೋಗಬೇಕು

ಸರೋವರದ ಮಟ್ಟದ ಜಾಡುಗಳಲ್ಲಿ ಹಿಮ ಬೇಗ ಕರಗುತ್ತದೆ. 2,400 ಮೀಟರ್ ದಾಟಿದ ಮೇಲೆ, ಅದರಲ್ಲೂ ಉತ್ತರಕ್ಕೆ ಮುಖ ಮಾಡಿದ ನೆರಳಿನ ಇಳಿಜಾರುಗಳಲ್ಲಿ, ಜೂನ್ ಕೊನೆಯವರೆಗೂ ಉಳಿದಿರಬಹುದು. ಹೆಚ್ಚು ಹಿಮ ಬಿದ್ದ ವರ್ಷವಾದರೆ ಜುಲೈವರೆಗೂ. ಹಿಮ ಕರಗಿ ಕೆಸರಾಗಿರುವಾಗ ಜಾಡಿಗೆ ಇಳಿಯಬೇಡಿ. ಆಗ ಬಿದ್ದ ಚಕ್ರದ ಗೀರು ಒಣಗಿ ಕಾಲುವೆಯಾಗುತ್ತದೆ, ಮುಂದಿನ ಮಳೆಯ ನೀರು ಅದರಲ್ಲೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಆಗಸ್ಟ್ ಹೊತ್ತಿಗೆ ನೆಲ ಪೂರ್ತಿ ಒಣಗಿರುತ್ತದೆ. ಇಲ್ಲಿಯದು ಗ್ರಾನೈಟ್ ಶಿಲೆ ಸವೆದು ಪುಡಿಯಾದ ಮಣ್ಣು. ಕಾಳುಕಾಳಾದ ಆ ಮರಳು ಗಟ್ಟಿ ನೆಲದ ಮೇಲೆ ರಾಗಿಕಾಳು ಚೆಲ್ಲಿದಂತೆ ಹರಡಿಕೊಂಡಿರುತ್ತದೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಂದರೆ ಒಳ್ಳೆಯದು: ಜನ ಕಡಿಮೆ, ಬಿಸಿಲು ಹಿತ. ಒಂದು ಮಳೆ ಬಿದ್ದು ಎರಡು ದಿನ ಬಿಟ್ಟರೆ ನೆಲ ಟೈರನ್ನು ಕಚ್ಚಿ ಹಿಡಿಯುತ್ತದೆ.

ಟೈರಿನ ಗಾಳಿ

ಈ ಒಂದು ಕೆಲಸಕ್ಕೆ ಹತ್ತು ನಿಮಿಷ ಕೊಡಿ. ಬೆಟ್ಟ ಹತ್ತುವಾಗ ಕಾರಿನಲ್ಲಿ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬುವುದನ್ನು ನೋಡಿರುತ್ತೀರಿ. ಟೈರಿಗೂ ಅದೇ ಆಗುತ್ತದೆ. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ತಾಹೋದಲ್ಲಿ 12ಕ್ಕಿಂತ ತುಸು ಕಡಿಮೆ. ಹೊರಗಿನ ಒತ್ತಡ ತಗ್ಗಿದಷ್ಟು ಟೈರು ಬಿಗಿಯುತ್ತದೆ. ಮನೆಯಲ್ಲಿ ಮುಂದೆ 22, ಹಿಂದೆ 25 ಪಿಎಸ್‌ಐ ಹಾಕಿಕೊಂಡು ಹೊರಟರೆ ಇಲ್ಲಿ ಗೇಜು 25, 28 ತೋರಿಸುತ್ತದೆ. 50 ಪಿಎಸ್‌ಐ ಹಾಕುವ ರಸ್ತೆ ಸೈಕಲ್ಲಿಗೆ ಇದು ಲೆಕ್ಕಕ್ಕೇ ಬಾರದು. ಅಗಲ ಟೈರಿನ ಮೌಂಟನ್ ಬೈಕಿಗೆ ಮೂರು ಪಿಎಸ್‌ಐ ಅಂದರೆ ಮರಳಿನ ಮೇಲೆ ನಿಲ್ಲುವುದಕ್ಕೂ ಜಾರುವುದಕ್ಕೂ ಇರುವ ಅಂತರ.

ಇದರಲ್ಲಿ ಇನ್ನೊಂದು ಮೋಸವಿದೆ. ಬೆಳಗ್ಗೆ ಏಳಕ್ಕೆ ಚಳಿ 5 ಡಿಗ್ರಿ ಇದ್ದಾಗ ಒಳಗಿನ ಗಾಳಿ ಕುಗ್ಗಿ, ಗೇಜು ಹೆಚ್ಚುಕಮ್ಮಿ ಮನೆಯ ಅಳತೆಯನ್ನೇ ತೋರಿಸುತ್ತದೆ. ಹತ್ತಕ್ಕೆ ಬಿಸಿಲೇರಿ 25 ಡಿಗ್ರಿ ಆದಾಗ ಎರಡು ಪಿಎಸ್‌ಐಗಿಂತ ಹೆಚ್ಚು ಮೇಲೇರುತ್ತದೆ. ಹಾಗಾಗಿ ನೆಲಕ್ಕಿಟ್ಟು ಹೊಡೆಯುವ ಪಂಪಿನ ಮುಳ್ಳನ್ನು ನಂಬದೆ ಚಿಕ್ಕ ಡಿಜಿಟಲ್ ಗೇಜು ತನ್ನಿ. ಒಮ್ಮೆ ಹೊರಡುವಾಗ, ಇನ್ನೊಮ್ಮೆ ಇಳಿಜಾರು ಶುರುವಾಗುವ ಮುನ್ನ ಅಳೆಯಿರಿ. ಬೆನ್ನಚೀಲ ಸೇರಿ 75 ಕೆಜಿ ತೂಗುವವರಿಗೆ 2.4 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 21–22, ಹಿಂದೆ 24–25 ಸಾಕು. ಕಲ್ಲುಮೆಟ್ಟಿಲಿನ ಜಾಡಿಗೆ ಹೋಗುವ ದಿನ ಹಿಂದೆ ಎರಡು ಪಿಎಸ್‌ಐ ಹೆಚ್ಚಿಸಿ. ಇಲ್ಲವಾದರೆ ಕಲ್ಲಂಚಿಗೆ ಬಡಿದ ರಿಮ್ ಡೊಂಕಾಗುತ್ತದೆ.

ಒಂದೊಂದು ಟೈರಿಗೂ 90 ರಿಂದ 100 ಮಿಲಿ ಸೀಲೆಂಟ್ (ಒಳಗಿನಿಂದ ತೂತು ಮುಚ್ಚುವ ದ್ರವ) ಬೇಕು. ಒಣಹವೆಯಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಚಕ್ರ ಅಲುಗಿಸಿದಾಗ ಒಳಗೆ ಕುಲುಕುವ ಸದ್ದು ಕೇಳದಿದ್ದರೆ ಹೊರಡುವ ಮುನ್ನವೇ ತುಂಬಿಸಿ. ಚೀಲದಲ್ಲಿ ಟೈರಿನ ತೂತಿಗೆ ತುರುಕುವ ಪ್ಲಗ್, ಒಂದು ಟ್ಯೂಬ್, ಕೈಪಂಪು, ಮಲ್ಟಿಟೂಲ್, ತುಂಡಾದ ಚೈನು ಜೋಡಿಸುವ ಕ್ವಿಕ್‌ಲಿಂಕ್, ಗೇರು ಬದಲಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ, ನಿಮ್ಮ ಸೈಕಲ್ಲಿಗೇ ಹೊಂದುವ ಹ್ಯಾಂಗರ್ ಇರಲಿ. ಹ್ಯಾಂಗರ್ ಒಂದೊಂದು ಮಾಡೆಲ್ಲಿಗೂ ಬೇರೆ. ಬೇಕಾದದ್ದು ಊರಿನ ಅಂಗಡಿಯಲ್ಲಿ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ.

ಮೊದಲ ದಿನ: ಊರಿನ ಬೆನ್ನಿಗೆ

2,400 ಮೀಟರ್ ಎತ್ತರದಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮುಕ್ಕಾಲು ಪಾಲು. ಕಾಲಲ್ಲಿ ಕಸುವಿದ್ದರೂ ದಮ್ಮು ಸಾಲುವುದಿಲ್ಲ. ಅದಕ್ಕೇ ಮೊದಲ ದಿನ ಸೌತ್ ಲೇಕ್ ತಾಹೋ ಊರಿನ ಹಿಂದೆ ಬೆಟ್ಟದ ಬುಡದಲ್ಲೇ ಸಾಗುವ ಪವರ್‌ಲೈನ್ ಜಾಡು, ಅದಕ್ಕೆ ಕೂಡಿಕೊಳ್ಳುವ ಕೋಲ್ಡ್ ಕ್ರೀಕ್ ಜಾಡುಗಳಲ್ಲಿ ಎರಡು ಗಂಟೆ ಓಡಾಡಿ. ಏರಿನಲ್ಲಿ ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಆಗುವಷ್ಟೇ ವೇಗ ಇರಲಿ. ಮಾತು ತುಂಡಾಗುತ್ತಿದ್ದರೆ ಒಂದು ಗೇರು ಹಗುರ ಮಾಡಿ. ಮುಂದೆ 32, ಹಿಂದೆ 51 ಹಲ್ಲಿನ ಗೇರುಚಕ್ರಗಳ ಜೋಡಿ ಇದ್ದರೆ ನೆಮ್ಮದಿ. ತಲೆನೋವು, ವಾಕರಿಕೆ ಬಂದರೆ ಅಂದಿಗೆ ಸಾಕು. ಮರುದಿನವೂ ಇದ್ದರೆ ಮೇಲೆ ಹೋಗಬೇಡಿ. ನೀರು ದಿನಕ್ಕೆ ಮೂರು ಲೀಟರ್ ಹೊರಲೇಬೇಕು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಶೋಧಿಸದೆ ಕುಡಿಯಬಾರದು.

ಈ ದಿನವೇ ಮರಳಿನ ತಿರುವನ್ನು ಕಲಿತುಕೊಳ್ಳಿ. ಬ್ರೇಕನ್ನು ತಿರುವಿಗೆ ಮುಂಚೆ, ಚಕ್ರ ನೆಟ್ಟಗಿರುವಾಗಲೇ ಹಿಡಿದು ಬಿಟ್ಟುಬಿಡಿ. ತಿರುವಿನೊಳಗೆ ಮುಂದಿನ ಬ್ರೇಕ್ ಮುಟ್ಟಿದರೆ ಕಾಳುಮರಳು ಚಕ್ರದಡಿ ಉರುಳಿ ಹ್ಯಾಂಡಲ್ ಒಳಕ್ಕೆ ಮಡಚಿಕೊಳ್ಳುತ್ತದೆ, ಹೆಗಲು ನೆಲಕ್ಕೆ ಬಡಿಯುತ್ತದೆ. ಹೊರಗಿನ ಪೆಡಲ್ ಕೆಳಗಿರಲಿ, ಮೈಭಾರ ಅದರ ಮೇಲಿರಲಿ. ಸೈಕಲ್ಲನ್ನು ವಾಲಿಸಿ, ಮೈ ನೆಟ್ಟಗೇ ಇರಲಿ. ಆಳದ ಮರಳು ಸಿಕ್ಕರೆ ಹ್ಯಾಂಡಲ್ ಸಡಿಲ ಹಿಡಿದು, ಭಾರ ಹಿಂದಕ್ಕೆ ಸರಿಸಿ, ಪೆಡಲ್ ನಿಲ್ಲಿಸದೆ ದಾಟಿ.

ಎರಡನೆಯ ದಿನ: ಫ್ಲೂಮ್ ಜಾಡು

ತಾಹೋಗೆ ಬಂದು ಒಂದೇ ಜಾಡಿಗೆ ಸಮಯವಿದೆ ಎಂದಾದರೆ ಇದನ್ನೇ ಮಾಡಿ. 1870ರ ದಶಕದಲ್ಲಿ ಇಲ್ಲಿನ ನೀರು ಆಚೆಯ ಮಗ್ಗುಲಿನ ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳಿಗೆ ಹೋಗುತ್ತಿತ್ತು. ಅದಕ್ಕಾಗಿ ಬೆಟ್ಟದ ಮೈಗೆ ಕಟ್ಟಿದ ಮರದ ದೋಣಿಕಾಲುವೆ (ಫ್ಲೂಮ್) ಇದ್ದ ಪಟ್ಟಿಯೇ ಇಂದಿನ ಜಾಡು. ನೀರು ಹರಿದ ದಾರಿಯಾದ್ದರಿಂದ ಬಹುಪಾಲು ಸಮತಟ್ಟು.

ಕಾರನ್ನು ಸರೋವರದ ಈಶಾನ್ಯ ದಂಡೆಯ ಇನ್‌ಕ್ಲೈನ್ ವಿಲೇಜ್ ಪಕ್ಕದ ಟನಲ್ ಕ್ರೀಕ್‌ನಲ್ಲಿ ಬಿಟ್ಟು, ಮೊದಲೇ ಕಾಯ್ದಿರಿಸಿದ ಶಟಲ್ ವ್ಯಾನಿನಲ್ಲಿ ಸ್ಪೂನರ್ ಕೆರೆಗೆ ಹೋಗಿ. ಕೊನೆಗೆ ಇಳಿದುಬಂದಾಗ ಕಾರು ಎದುರಿಗೇ ಇರುತ್ತದೆ. ಒಟ್ಟು ದೂರ ಸುಮಾರು 22 ಕಿಮೀ. ಸ್ಪೂನರ್‌ನಿಂದ ನಾರ್ತ್ ಕ್ಯಾನ್ಯನ್ ಮಣ್ಣುರಸ್ತೆಯಲ್ಲಿ ಸುಮಾರು 350 ಮೀಟರ್ ಏರು. ಕಡೆಯ ಕಿಲೋಮೀಟರು ಕಡಿದು, ಮರಳು ಬೇರೆ. ಅಲ್ಲಿ ಇಳಿದು ತಳ್ಳುವವರೇ ಹೆಚ್ಚು, ನೀವೂ ತಳ್ಳಿ. ದಿಣ್ಣೆ ದಾಟಿ ಮಾರ್ಲೆಟ್ ಕೆರೆಗೆ ಇಳಿದು, ದಂಡೆ ಬಳಸಿ ಅಣೆಕಟ್ಟಿನ ಹತ್ತಿರ ಬಂದರೆ ಫ್ಲೂಮ್ ಜಾಡಿನ ಬಾಯಿ ಸಿಗುತ್ತದೆ. ಟೈರಿನ ಗಾಳಿ ಎರಡನೆಯ ಸಲ ನೋಡುವ ಜಾಗ ಇದೇ.

ಅಲ್ಲಿಂದ ಏಳು ಕಿಲೋಮೀಟರು ಒಂದಾಳು ಅಗಲದ ದಾರಿ. ಎಡಕ್ಕೆ ಪ್ರಪಾತ, ಸುಮಾರು 450 ಮೀಟರ್ ಕೆಳಗೆ ಸರೋವರದ ನೀಲಿ. ಸವಾರಿ ಕಷ್ಟವಲ್ಲ. ಕಣ್ಣು ಸರೋವರದತ್ತ ಹೋದಾಗ ಸೈಕಲ್ಲೂ ಅತ್ತಲೇ ಹೋಗುವುದು ಅಪಾಯ. ನೋಡಬೇಕೆನಿಸಿದರೆ ನಿಂತು, ಬೆಟ್ಟದ ಕಡೆಗೆ ಕಾಲೂರಿ ನೋಡಿ. ಬಂಡೆ ಚಾಚಿರುವ ಕಡೆ ಹ್ಯಾಂಡಲಿನ ಬಲತುದಿ ತಗುಲಿದರೆ ಸೈಕಲ್ ಹೊರಕ್ಕೆ ನೂಕಿಸಿಕೊಳ್ಳುತ್ತದೆ, ಅಲ್ಲಿ ಇಳಿದು ನಡೆಯುವುದರಲ್ಲಿ ನಾಚಿಕೆಯೇನಿಲ್ಲ. ದಕ್ಷಿಣದಿಂದ ಉತ್ತರಕ್ಕೇ ಹೋಗಬೇಕು, ಎದುರು ದಿಕ್ಕಿನಲ್ಲಿ ಬರಬಾರದು.

ಜಾಡು ಟನಲ್ ಕ್ರೀಕ್ ರಸ್ತೆಗೆ ಸೇರುವಲ್ಲಿ ಎಡಕ್ಕೆ ಇಳಿಯಿರಿ. ಅಗಲ ರಸ್ತೆ ಎಂದು ಮೈಮರೆಯುವುದು ಇಲ್ಲೇ: ಆಳ ಮರಳು, ಕಡಿದಾದ ಇಳಿಜಾರು, ಕೆಳಗಿನಿಂದ ಹತ್ತಿ ಬರುವ ಮಕ್ಕಳು ಮರಿ. ಬ್ರೇಕನ್ನು ಒಂದೇ ಸಮ ಹಿಡಿದುಕೊಂಡರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ಗಟ್ಟಿಯಾಗಿ ಒತ್ತಿ, ಬಿಟ್ಟು, ಮತ್ತೆ ಒತ್ತಿ.

ದಿನಾಂಕ ನೋಡಿಕೊಳ್ಳಿ

ತಾಹೋ ರಿಮ್ ಟ್ರೇಲ್ ಸರೋವರವನ್ನು ಸುತ್ತುವರಿದ, 260 ಕಿಮೀ ಮೀರಿದ ಜಾಡು. ಅದರ ಎಲ್ಲ ಭಾಗದಲ್ಲೂ ಸೈಕಲ್ ಬಿಡುವುದಿಲ್ಲ. ಡೆಸೊಲೇಷನ್, ಗ್ರಾನೈಟ್ ಚೀಫ್, ಮೌಂಟ್ ರೋಸ್ ಕಾಯ್ದಿಟ್ಟ ಅರಣ್ಯಗಳಲ್ಲಿ, ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಇನ್ನೊಂದು ಉದ್ದದ ಜಾಡಿನ ಜತೆ ಒಂದಾಗುವ ಭಾಗದಲ್ಲಿ ನಿಷೇಧ. ತಾಹೋ ಮೆಡೋಸ್‌ನಿಂದ ಟನಲ್ ಕ್ರೀಕ್‌ವರೆಗಿನ ಸೊಗಸಾದ ಭಾಗದಲ್ಲಿ ಸಮಸಂಖ್ಯೆಯ ದಿನಾಂಕಗಳಂದು ಮಾತ್ರ ಸೈಕಲ್ಲಿಗೆ ಅವಕಾಶ. ಜುಲೈ 31, ಆಗಸ್ಟ್ 1 ಎರಡೂ ಬೆಸ, ಆ ಎರಡು ದಿನ ಸಾಲಾಗಿ ಬಾಗಿಲು ಮುಚ್ಚಿದಂತೆ. ಕೊಠಡಿ ಕಾಯ್ದಿರಿಸುವ ಮೊದಲು ಕ್ಯಾಲೆಂಡರ್ ನೋಡಿ.

ನಡೆಯುವವರಿಗೆ, ಕುದುರೆಗಳಿಗೆ ಸೈಕಲ್ಲಿನವರು ದಾರಿ ಬಿಡಬೇಕು. ಇಳಿಯುವವರು ಏರುವವರಿಗೆ ಬಿಡಬೇಕು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಮಿಂಚು ಸಾಮಾನ್ಯ, ಆದ್ದರಿಂದ ಮಧ್ಯಾಹ್ನ ಒಂದು ಗಂಟೆ ಹೊಡೆಯುವ ಮೊದಲೇ ಬೆಟ್ಟದ ನೆತ್ತಿಯಿಂದ ಇಳಿದುಬಿಡಿ. ಚಿತ್ರಾನ್ನದ ಡಬ್ಬಿಯನ್ನು ಕಾರಿನಲ್ಲಿ ಬಿಟ್ಟು ಹೋಗಲೇಬೇಡಿ. ಇಲ್ಲಿನ ಕರಡಿಗಳು ವಾಸನೆ ಹಿಡಿದು ಕಾರಿನ ಬಾಗಿಲು ಕೀಳುತ್ತವೆ. ಹಾಗೆ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುವುದುಂಟು. ಕಾರು ನಿಲ್ಲಿಸುವ ಜಾಗದಲ್ಲಿ ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆ ಇದ್ದರೆ ತಿನಿಸು ಅದರಲ್ಲಿಡಿ.

ಮೂರನೆಯ ದಿನ: ಮಿಸ್ಟರ್ ಟೋಡ್ಸ್

ನಕ್ಷೆಯಲ್ಲಿ ಸ್ಯಾಕ್ಸನ್ ಕ್ರೀಕ್ ಎಂದಿರುವ ಈ ಜಾಡು ಪಳಗಿದವರಿಗೆ ಮಾತ್ರ. ಒಂದು ಕಾರನ್ನು ಸೌತ್ ಲೇಕ್ ತಾಹೋ ಪಕ್ಕದ ಮೇಯರ್ಸ್‌ನ ಒನೈಡಾಸ್ ಬೀದಿಯಲ್ಲಿ ಬಿಟ್ಟು ಇನ್ನೊಂದರಲ್ಲಿ 89ನೇ ಹೆದ್ದಾರಿಯ ಬಿಗ್ ಮೆಡೋಗೆ ಹೋಗಿ, ರಿಮ್ ಟ್ರೇಲ್ ಹಿಡಿದು ಏರಬೇಕು. ಆ ಸುತ್ತಿನಲ್ಲಿ 2021ರ ಕಾಲ್ಡರ್ ಬೆಂಕಿಗೆ ಸುಟ್ಟ ಕಾಡಿದೆ. ಜೋರು ಗಾಳಿಯ ದಿನ ಒಣಮರಗಳು ಉರುಳುತ್ತವೆ, ಅಂಥ ದಿನ ಬಿಟ್ಟುಬಿಡಿ.

ಇಳಿಜಾರಿನ ಮೇಲ್ಭಾಗವೆಲ್ಲ ಗ್ರಾನೈಟ್ ಮೆಟ್ಟಿಲು. ಕೆಲವು ಮೊಣಕಾಲೆತ್ತರ. ಮೊದಲು ನಡೆದು ನೋಡಿ, ಚಕ್ರ ಎಲ್ಲಿ ಇಳಿಯಬೇಕೆಂದು ಗುರುತಿಸಿ, ಆಮೇಲೆ ಇಳಿಸಿ. ಸೀಟು ಪೂರ್ತಿ ತಗ್ಗಿಸಿ, ಪೆಡಲ್ ಎರಡೂ ಸಮನಾಗಿ, ಹಿಮ್ಮಡಿ ಕೆಳಕ್ಕೆ. ತೀರಾ ನಿಧಾನ ಹೋದರೆ ಮುಂಚಕ್ರ ಮೆಟ್ಟಿಲ ಬುಡದಲ್ಲಿ ಸಿಕ್ಕಿ ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ನಡಿಗೆಗಿಂತ ತುಸು ಹೆಚ್ಚಿನ ವೇಗ ಸರಿ. ಕೆಳಭಾಗ ಅಂಚು ಎತ್ತರಿಸಿದ ತಿರುವುಗಳ ಹಿತವಾದ ಓಟ, ಆದರೆ ಅಷ್ಟು ಹೊತ್ತಿಗೆ ಬೆರಳು ಸೋತಿರುತ್ತವೆ. ಕಲ್ಲು ಮುಗಿದಲ್ಲಿ ಐದು ನಿಮಿಷ ನಿಂತು ಕೈ ಕೊಡವಿಕೊಳ್ಳಿ.

ಹಿಂದಿನ ರಾತ್ರಿ ಬ್ರೇಕ್ ಪ್ಯಾಡ್ ನೋಡಿ. ಗ್ರಾನೈಟ್ ಧೂಳು ಉಪ್ಪುಕಾಗದದಂತೆ ತೇಯುತ್ತದೆ. ಪ್ಯಾಡಿನ ಪದರ ಒಂದು ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿ. ಹೊಸ ಪ್ಯಾಡ್ ಹಾಕಿದ ಮೇಲೆ, ವೇಗ ಹಿಡಿದು ನಿಲ್ಲುವ ಹಂತಕ್ಕೆ ತರುವುದನ್ನು ಚಪ್ಪಟೆ ರಸ್ತೆಯಲ್ಲಿ ಇಪ್ಪತ್ತು ಸಲ ಮಾಡಿದರಷ್ಟೇ ಹಿಡಿತ ಬರುತ್ತದೆ. ಅದನ್ನು ಬಿಗ್ ಮೆಡೋಗೆ ಹೊರಡುವ ಮುನ್ನ, ಊರಿನ ಬೀದಿಯಲ್ಲೇ ಮುಗಿಸಿಕೊಳ್ಳಿ.