ಲ್ಯಾಟಿನ್ ಆದ ಮೇಲೆ ನಾನು ಪೋರ್ಚುಗೀಸನ್ನೇ ಹಿಡಿದದ್ದು

ಹದಿನಾರನೇ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಬಗ್ಗೆ ಬರೆದದ್ದನ್ನು ಮೂಲ ಪೋರ್ಚುಗೀಸಿನಲ್ಲೇ ಪೂರ್ತಿ ಓದಿ ಮುಗಿಸಿದ್ದೇನೆ. ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿಲ್ಲ. ಲ್ಯಾಟಿನ್ ಆದ ಮೇಲೆ ಪೋರ್ಚುಗೀಸ್ ಕಲಿಯುತ್ತೇನೆ ಅಂದಾಗ "ಅದ್ಯಾಕ್ರೀ, ಅದರಿಂದ ಏನು ಸಿಗುತ್ತೆ?" ಅಂದವರೇ ಜಾಸ್ತಿ. ಅವರಲ್ಲೇ ಒಂದಿಬ್ಬರು ಈಗ ನನ್ನ ಟಿಪ್ಪಣಿ ಪುಸ್ತಕ ಕೇಳುತ್ತಿದ್ದಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಲ್ಯಾಟಿನ್ನಿನ ವಿಭಕ್ತಿ, ಕ್ರಿಯಾಪದದ ಪಟ್ಟಿಗಳೆಲ್ಲ ನಿಮಗೆ ಗೊತ್ತು ಅಂದುಕೊಂಡೇ ಮುಂದೆ ಹೋಗುತ್ತೇನೆ.

ನಾನು ಲ್ಯಾಟಿನ್ ಕಲಿತದ್ದು ನಿಕೊಲೊ ಕೊಂಟಿಗೋಸ್ಕರ. 1420ರ ಸುಮಾರಿಗೆ ವಿಜಯನಗರ ನೋಡಿ ಹೋದ ಈ ವೆನಿಸ್ ವ್ಯಾಪಾರಿಯ ಮಾತನ್ನು ಪೋಪ್ ಕಚೇರಿಯ ಕಾರ್ಯದರ್ಶಿ ಪೊಜ್ಜೊ ಲ್ಯಾಟಿನ್ನಿನಲ್ಲಿ ಬರೆದಿಟ್ಟ. ವಿಜಯನಗರದ ಪಾಲು ಅದರಲ್ಲಿ ತೀರಾ ಚಿಕ್ಕದು. ಅದನ್ನು ಓದಿ ಮುಗಿಸಿದ ಮೇಲೆ ಮುಂದೇನು ಅನ್ನುವ ಪ್ರಶ್ನೆ ಬಂತು.

ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಗಳಲ್ಲಿ ಯಾವುದನ್ನು ಹಿಡಿಯಬೇಕು ಅನ್ನುವ ಸಲಹೆಗಳಿಗೆ ಬರ ಇರಲಿಲ್ಲ. ಕೆಲಸಕ್ಕೆ ಫ್ರೆಂಚ್, ಮಾತಾಡುವ ಜನ ಜಾಸ್ತಿ ಅಂತ ಸ್ಪ್ಯಾನಿಷ್, ಲ್ಯಾಟಿನ್ನಿಗೆ ಹತ್ತಿರ ಅಂತ ಇಟಾಲಿಯನ್. ಮೊದಲು ಫ್ರೆಂಚ್ ಹಿಡಿದೆ. ಬೆಂಗಳೂರಿನ ಒಂದು ಕಡೆ ವಾರಾಂತ್ಯದ ಕ್ಲಾಸು. ಒಂದು ಹಂತಕ್ಕೆ ಇಪ್ಪತ್ತು ಸಾವಿರದ ಹತ್ತಿರ ಫೀಸು. ನನ್ನೂರು ಸಾಗರದಿಂದ ರಾತ್ರಿ ಬಸ್ಸು, ಉಳಿಯೋದು, ಊಟದ ಖರ್ಚು ಬೇರೆ. ಹೋಟೆಲಿನಲ್ಲಿ ಕಾಫಿ ಕೇಳುವುದು, ರೈಲು ಟಿಕೆಟ್ ತೆಗೆಯುವುದು, ಇಷ್ಟೇ ಪಾಠ. ಲ್ಯಾಟಿನ್ ಬರುತ್ತೆ ಅಂದರೆ "ಅದನ್ನು ಮರೆತುಬಿಡಿ, ಗೊಂದಲ ಆಗುತ್ತೆ" ಅಂದರು. ಕೇಳುವಾಗ ನಿಜವಾಗಿಯೂ ಲ್ಯಾಟಿನ್ ಕೈಗೆ ಸಿಗುವುದಿಲ್ಲ. ನೀರು ಅನ್ನುವ ಆಕ್ವಾ ಸವೆದು ಸವೆದು ಬರೀ "ಓ" ಆಗಿದೆ. ಎರಡನೇ ಹಂತದ ನಡುವೆ ಬಿಟ್ಟೆ. ಒಟ್ಟು ಅರ್ಧ ಲಕ್ಷದ ಆಚೀಚೆ ಖರ್ಚಾಗಿತ್ತು.

ಸ್ಪ್ಯಾನಿಷ್ ಬೇಗ ಬಂತು. ಆದರೆ ಅದರಲ್ಲಿ ನನಗೆ ಓದಲೇಬೇಕು ಅನ್ನಿಸುವಂಥದ್ದು ಏನೂ ಇರಲಿಲ್ಲ. ಇಟಾಲಿಯನ್ ಮಾತ್ರ ನನ್ನನ್ನು ತುಂಬಾ ಎಳೆಯಿತು. ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ನಮ್ಮ ಇಕ್ಕೇರಿಗೆ ಬಂದು, ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನ ನೋಡಿ ಬರೆದ ಪತ್ರಗಳು ಇಟಾಲಿಯನ್ನಿನಲ್ಲೇ ಇವೆ. ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆದು, ಹಾಡುತ್ತಾ ಲೆಕ್ಕ ಕಲಿಯುತ್ತಿದ್ದದ್ದನ್ನು ಅವನು ಕೂತು ನೋಡಿ ಬರೆದಿದ್ದಾನೆ. ಆದರೆ ಅವನೂ ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಬಂದವನೇ ಅಲ್ವಾ? ಇಟಾಲಿಯನ್ನಿನಲ್ಲಿ ನನ್ನ ಊರಿಗೆ ಬಂದವನು ಒಬ್ಬ. ಪೋರ್ಚುಗೀಸಿನಲ್ಲಿ ಪಾಯಸ್ ಇದ್ದಾನೆ, ವಿಜಯನಗರದ ಬಗ್ಗೆಯೇ ಬರೆದ ನೂನಿಜ್ ಇದ್ದಾನೆ, ಹೊನ್ನಾವರ, ಬಸ್ರೂರು, ಮಂಗಳೂರು ಕೋಟೆಗಳ ವ್ಯವಹಾರ ಇದೆ, ಕೆಳದಿ ನಾಯಕರ ಜೊತೆಗಿನ ಒಪ್ಪಂದಗಳಿವೆ, ಪಣಜಿಯ ಪತ್ರಾಗಾರದಲ್ಲಿ ಕಪಾಟು ಕಪಾಟೇ ಇದೆ. ಅಲ್ಲಿಗೆ ತೀರ್ಮಾನ ಆಯಿತು. ಲ್ಯಾಟಿನ್ನಿಗೆ ಯಾವ ಭಾಷೆ ಹತ್ತಿರ ಅಂತ ಲೆಕ್ಕ ಹಾಕಿ ಆರಿಸಬೇಡಿ. ಓದದೆ ಬಿಡಲಾಗದ ಪುಸ್ತಕ ಯಾವ ಭಾಷೆಯಲ್ಲಿದೆ, ಅದನ್ನು ಹಿಡಿಯಿರಿ.

ವ್ಯಾಕರಣ ಪುಸ್ತಕವನ್ನು ನಾನು ಮೊದಲು ತೆರೆಯಲೇ ಇಲ್ಲ. ಲ್ಯಾಟಿನ್ ಬೈಬಲ್ಲಿನ ಸುವಾರ್ತೆ ಒಂದು ಕಡೆ, ಪೋರ್ಚುಗೀಸ್ ಸುವಾರ್ತೆ ಇನ್ನೊಂದು ಕಡೆ ಇಟ್ಟು ಸಾಲು ಸಾಲಾಗಿ ಓದಿದೆ. ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಕಡೆ ಸಿಗುವುದು ಅಲ್ಮೇಡಾ ಅನುವಾದ. ಅದು ಗ್ರೀಕಿನಿಂದ ಮಾಡಿದ್ದು, ಹಾಗಾಗಿ ಲ್ಯಾಟಿನ್ ಜೊತೆ ಸಾಲು ಕೂರುವುದಿಲ್ಲ. ಅದರಲ್ಲೇ ಒಂದೆರಡು ತಿಂಗಳು ಒದ್ದಾಡಿದೆ. 18ನೇ ಶತಮಾನದ ಫಿಗೈರೆದೊ ಅನುವಾದ ಲ್ಯಾಟಿನ್ ಬೈಬಲ್ಲಿನಿಂದಲೇ ಆದದ್ದು. ಅದು ಸಿಕ್ಕ ದಿನದಿಂದ ಓದು ಸಲೀಸಾಯಿತು.

ಓದುತ್ತಾ ಹೋದರೆ ಮೂರು ಬದಲಾವಣೆ ತಾನಾಗಿ ಕಣ್ಣಿಗೆ ಬೀಳುತ್ತವೆ. ಎರಡು ಸ್ವರಗಳ ನಡುವಿನ ಲ ಬಿದ್ದುಹೋಗುತ್ತದೆ: ಲ್ಯಾಟಿನ್ನಿನ ಕೈಲುಂ (ಆಕಾಶ) ಪೋರ್ಚುಗೀಸಿನಲ್ಲಿ ಸೇಉ ಆಯಿತು, ದೊಲೋರೆಂ (ನೋವು) ದೋರ್ ಆಯಿತು. ಹಾಗೇ ನ ಕೂಡ: ಲೂನಾ (ಚಂದ್ರ) ಲೂಅ, ಪೋನೆರೆ (ಇಡುವುದು) ಪೋರ್, ತೆನೇರೆ (ಹಿಡಿದಿರುವುದು) ತೇರ್. ಮೂರನೆಯದು, ಪದದ ಮೊದಲಿನ ಪ್ಲ, ಕ್ಲ, ಫ್ಲ ಮೂರೂ ಒಂದೇ ಅಕ್ಷರಕ್ಕೆ ಬಂದು ನಿಲ್ಲುತ್ತವೆ: ಪ್ಲೂವಿಯಾ (ಮಳೆ) ಶೂವ, ಕ್ಲಾವೆಂ (ಬೀಗದ ಕೈ) ಶಾವೆ, ಫ್ಲಾಮ್ಮಾ (ಜ್ವಾಲೆ) ಶಾಮ. ಈಗ ಇದನ್ನು ಶ ಅನ್ನುತ್ತಾರೆ. ಪಾಯಸನ ಕಾಲಕ್ಕೆ ಅದು ಚ. ಧಾರವಾಡದ ಕಡೆ ಈಗಲೂ ಬೀಗದ ಕೈಗೆ ಚಾವಿ ಅನ್ನುತ್ತಾರಲ್ಲ, ಹಾಗೆ. ಹಳೆಯ ಗದ್ಯವನ್ನು ನಾನು ಚ ಹಾಕಿಯೇ ಗಟ್ಟಿಯಾಗಿ ಓದುತ್ತೇನೆ, ಲಯ ಸರಿ ಬರುತ್ತದೆ. ಈ ಮೂರರ ಮೇಲೆ ಇನ್ನೆರಡು ಇವೆ. ಅವನ್ನು ನಾನು ಹೇಳುವುದಿಲ್ಲ, ಸ್ವಂತವಾಗಿ ಕಂಡುಕೊಂಡರೇ ಅವು ತಲೆಯಲ್ಲಿ ನಿಲ್ಲುವುದು.

ಕ್ರಿಯಾಪದದಲ್ಲಂತೂ ಲ್ಯಾಟಿನ್ ಓದಿದವರಿಗೆ ಹಬ್ಬ. "ಬಂದಿದ್ದ" ಅನ್ನುವ ವೇನೆರಾತ್ ಇಲ್ಲಿ ವಿಯೆರ, "ಮಾಡಿದ್ದ" ಅನ್ನುವ ಫೇಕೆರಾತ್ ಫಿಜೆರ. ರೂಪವೂ ಉಳಿದಿದೆ, ಅರ್ಥವೂ ಉಳಿದಿದೆ. ಇಟಾಲಿಯನ್ನಿನಲ್ಲಿ, ಫ್ರೆಂಚಿನಲ್ಲಿ ಈ ರೂಪವೇ ಹೋಗಿದೆ. ಸ್ಪ್ಯಾನಿಷ್‌ನಲ್ಲಿ ರೂಪ ಇದ್ದರೂ ಕೆಲಸ ಬಹುಮಟ್ಟಿಗೆ ಬೇರೆ ಆಗಿದೆ. ಹಳೆಯ ವೃತ್ತಾಂತ ಓದುವವನಿಗೆ ಇದು ದೊಡ್ಡ ಲಾಭ. ವಾರದ ದಿನಗಳೂ ಅಷ್ಟೇ. ಚರ್ಚಿನ ಲ್ಯಾಟಿನ್ ಗೊತ್ತಿದ್ದರೆ ಸೋಮವಾರಕ್ಕೆ "ಎರಡನೇ ದಿನ" ಅನ್ನುವುದನ್ನು ಬೇರೆ ಕಲಿಯಬೇಕಾಗಿಲ್ಲ.

ಲ್ಯಾಟಿನ್ ಕೈಕೊಟ್ಟ ಜಾಗವೂ ಇದೆ. ಕೃಷ್ಣದೇವರಾಯ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಹಚ್ಚಿಕೊಂಡು, ಮಣ್ಣಿನ ಭಾರ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸುತ್ತಿದ್ದ ಅಂತ ಪಾಯಸ್ ಬರೆದ ಭಾಗ ನಿಮಗೆ ಗೊತ್ತಿರಬಹುದು. ಅಳತೆಯ ಪದ ಕ್ವಾರ್ತಿಲ್ಯು. ಅದರೊಳಗೆ "ನಾಲ್ಕನೆಯ" ಅನ್ನುವ ಲ್ಯಾಟಿನ್ನಿನ ಕ್ವಾರ್ತುಸ್ ಎದ್ದು ಕಾಣುತ್ತದೆ. ಆದರೆ ಪೋರ್ಚುಗೀಸಿನಲ್ಲಿ ಎಳ್ಳಿಗೆ ಜೆರ್ಜೆಲಿಂ, ಎಣ್ಣೆಗೆ ಅಜೇಯ್ತೆ. ಎರಡೂ ಅರಬ್ಬಿಯಿಂದ ಬಂದವು. ಸುಂಕದ ಕಟ್ಟೆಯ ಪದವೂ ಅರಬ್ಬಿಯೇ. ಇಂಥ ನೂರೈವತ್ತು, ಇನ್ನೂರು ಪದಗಳನ್ನು ಬಾಯಿಪಾಠವೇ ಮಾಡಬೇಕಾಯಿತು. ಊರ ಹೆಸರುಗಳಲ್ಲಿ ಬಟೆಕಲಾ ಅಂದರೆ ಭಟ್ಕಳ, ಬಿಸ್ನಗಾ ಅಂದರೆ ವಿಜಯನಗರ. ಇಲ್ಲಿ ಮಾತ್ರ ಲಿಸ್ಬನ್ನಿನವರಿಗಿಂತ ನಾವೇ ಮುಂದೆ.

ನಡುವೆ ಒಂದು ತಿಂಗಳು ರುಮೇನಿಯನ್ ಕಡೆಗೂ ಹೋಗಿದ್ದೆ. ಅಲ್ಲಿ ವಿಭಕ್ತಿ ಸ್ವಲ್ಪ ಉಳಿದಿದೆ ಅಂತ ಆಸೆ. "ಆ ತೋಳ" ಅನ್ನುವುದಕ್ಕೆ "ಲೂಪುಲ್" ಅಂತ ನಾಮಪದದ ಕೊನೆಗೇ ಗುರುತು ಅಂಟುವುದು ಕನ್ನಡದವರಿಗೆ ಹಿತವಾಗಿಯೇ ಇದೆ. ಆದರೆ ಸ್ಲಾವಿಕ್ ಪದಗಳು ದಂಡಿಯಾಗಿವೆ. ಬಿಟ್ಟೆ. ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಆ್ಯಪುಗಳಲ್ಲಿ ಹೆಚ್ಚಾಗಿ ಸಿಗುವುದು ಬ್ರೆಜಿಲ್ ಪೋರ್ಚುಗೀಸ್, ಅದು ನಿನಗೆ ಬೇಡ ಅಂತ ಎಲ್ಲರೂ ಹೇಳಿದ್ದರು. ನಾನು ಬೇಕಂತಲೇ ಅದನ್ನೇ ಕೇಳಿದೆ. ಲಿಸ್ಬನ್ನಿನವರು ಸ್ವರ ನುಂಗುತ್ತಾರೆ, ಬ್ರೆಜಿಲ್‌ನವರು ಬಿಡಿಸಿ ಹೇಳುತ್ತಾರೆ. "ಮಾಡುತ್ತಿದ್ದೇನೆ" ಅನ್ನುವುದಕ್ಕೆ ಬ್ರೆಜಿಲ್‌ನಲ್ಲಿ ಬಳಸುವ ರೂಪವೇ ಹಳೆಯ ಗದ್ಯದಲ್ಲೂ ಇದೆ. ಪಾಯಸನನ್ನು ಓದಲು ಬ್ರೆಜಿಲ್ ಕಿವಿಯೇ ಒಳ್ಳೆಯದು ಅಂತ ಈಗ ಧೈರ್ಯವಾಗಿ ಹೇಳುತ್ತೇನೆ.

ಖರ್ಚಿನ ಲೆಕ್ಕಕ್ಕೆ ಬರುತ್ತೇನೆ. ಪಾಯಸ್, ನೂನಿಜ್ ಇಬ್ಬರದೂ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿದೆ, ಸ್ಕ್ಯಾನ್ ಪುಕ್ಕಟೆ ಸಿಗುತ್ತದೆ. ಹಳೆಯ ಕಾಗುಣಿತ ಹಾಗೇ ಇರುವುದರಿಂದ ಮೊದಲ ಹತ್ತು ಪುಟ ಹಿಂಸೆ. ಸೆಕೆಂಡ್ ಹ್ಯಾಂಡ್ ನಿಘಂಟು ಎರಡು ಸಾವಿರ ಇರಬೇಕು, ಅಂಚೆ ಖರ್ಚೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಮಡಗಾಂವಿನ ಹಿರಿಯರೊಬ್ಬರು ಫೋನಿನಲ್ಲಿ ಗಂಟೆಗೆ ಐನೂರರಂತೆ ಪಾಠ ಹೇಳಿದರು. ಮನೆಯಲ್ಲಿ ಪೋರ್ಚುಗೀಸ್ ಮಾತಾಡಿ ಬೆಳೆದವರು. ನಾನು ಚ ಅಂದಾಗಲೆಲ್ಲ "ಇದು ನಮ್ಮಜ್ಜನ ಅಜ್ಜನ ಮಾತು ಮಾರಾಯ" ಅಂತ ಖುಷಿಪಟ್ಟರು. ಆಗಾಗ ಹೊನ್ನಾವರಕ್ಕೆ ಘಟ್ಟ ಇಳಿದು, ಕೊಂಕಣ ರೈಲು ಹಿಡಿದು ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ಎಲ್ಲ ಸೇರಿ ಎರಡು ವರ್ಷದಲ್ಲಿ ಇಪ್ಪತ್ತೈದು ಸಾವಿರ ದಾಟಿಲ್ಲ. ಫ್ರೆಂಚಿಗೆ ಸುರಿದದ್ದರ ಅರ್ಧ.

ಪತ್ರಾಗಾರದ ಕೈಬರಹ ಬೇರೆಯೇ ವಿದ್ಯೆ. ಭಾಷೆ ಬಂದರೂ ಅಕ್ಷರ ಬಿಡಿಸಲು ಬರುವುದಿಲ್ಲ, ಅರ್ಧ ಪದ ಬರೆದು ಮೇಲೊಂದು ಗೆರೆ ಎಳೆದಿರುತ್ತಾರೆ. ಲ್ಯಾಟಿನ್ ಹಸ್ತಪ್ರತಿಯ ಸಂಕ್ಷೇಪಗಳನ್ನು ಓದಿ ಅಭ್ಯಾಸ ಇದ್ದರೆ ಅಲ್ಲೂ ಕೈ ಹಿಡಿಯುತ್ತದೆ. ನಾನೀಗ ಆ ಕೆಲಸಕ್ಕೆ ಕೂತಿದ್ದೇನೆ, ಒಂದು ಪುಟಕ್ಕೆ ಅರ್ಧ ದಿನ ಬೇಕಾಗುತ್ತಿದೆ. ಶುರು ಮಾಡುವವರು ಅಚ್ಚಾದ ಪಾಯಸನಿಂದಲೇ ಶುರು ಮಾಡಿ. ಅರಬ್ಬಿ ಪದಗಳ ಪಟ್ಟಿ ಬೇಕಿದ್ದವರು ಕೇಳಿದರೆ ಕೊಡುತ್ತೇನೆ.