ಅನ್ನ ಬಿಡದೆ ಹದಿನಾರು ಕೆಜಿ ಇಳಿಸಿದ ಕಥೆ

ಅನ್ನ ಬಿಡದೆ ತೂಕ ಇಳಿಯಲ್ಲ ಅಂದವರೇ ಈಗ ಏನು ಮಾಡಿದೆ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಒಟ್ಟಿಗೆ ಬರೆದುಬಿಡುತ್ತೇನೆ. 92 ಕೆಜಿ ಆಸುಪಾಸಿನಲ್ಲಿದ್ದವನು ಈಗ 76ರಲ್ಲಿದ್ದೇನೆ. ಒಂದೂಕಾಲು ವರ್ಷ ಹಿಡಿಯಿತು. ಮಧ್ಯಾಹ್ನ ಸಾರನ್ನವೂ ಉಂಟು, ಕೊನೆಗೆ ಮಜ್ಜಿಗೆ ಅನ್ನವೂ ಉಂಟು.

ಮೊದಲು ದುಡ್ಡು ಹೋದ ಲೆಕ್ಕ. ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ಕಡಿಮೆ ಅಂದರು ಅಂತ ಜಿಮ್‌ಗೆ ಹದಿನಾಲ್ಕು ಸಾವಿರದ ಹತ್ತಿರ ಕಟ್ಟಿದೆ. ಟ್ರೈನರ್ ಮೂರೇ ತಿಂಗಳಿಗೆ ಕೆಲಸ ಬಿಟ್ಟ. ಹೊಸಬನಿಗೆ ನನ್ನ ಮಂಡಿ ನೋವಿನ ವಿಷಯ ಗೊತ್ತಿಲ್ಲ, ಬಂದ ದಿನವೇ ಸ್ಕ್ವಾಟ್ ಹೊಡೆಸಿದ. ಉಳಿದ ದುಡ್ಡು ಕೇಳಿದರೆ ನಕ್ಕರು. ಆಮೇಲೆ ಊಟದ ಬದಲು ಕುಡಿಯುವ ಪುಡಿ, ಡಬ್ಬಿಗೆ ಎರಡು ಸಾವಿರದ ಮೇಲೆ. ಐದು ಕೆಜಿ ಇಳಿಯಿತು ನಿಜ, ಬಿಟ್ಟ ಮೇಲೆ ಏಳು ಏರಿತು. ಸಿರಿಧಾನ್ಯದ ಹುಚ್ಚೂ ಹಿಡಿದಿತ್ತು. ನವಣೆಯಲ್ಲಿ ನಾರು ಜಾಸ್ತಿ, ಹೊಟ್ಟೆ ತುಂಬುತ್ತೆ, ಎಲ್ಲ ಸರಿ. ಆದರೆ ನೂರು ಗ್ರಾಂ ಲೆಕ್ಕದಲ್ಲಿ ಅಕ್ಕಿಗೂ ನವಣೆಗೂ ಕ್ಯಾಲೊರಿಯಲ್ಲಿ ಅಂಥ ವ್ಯತ್ಯಾಸವೇನಿಲ್ಲ, ಎರಡೂ 330-360ರ ಸುತ್ತಲೇ. ಒಳ್ಳೇದು ಅಂತ ತಟ್ಟೆ ತುಂಬ ಬಡಿಸಿಕೊಂಡರೆ ತೂಕ ಹೇಗೆ ಇಳಿಯುತ್ತೆ?

ಕೊನೆಗೆ ಕೆಲಸ ಮಾಡಿದ್ದು ಅಜ್ಜಿ ಕಾಲದ ಅಳತೆ, ಚಟಾಕು. ಬೆಂದ ಅನ್ನ ತೂಗಲು ಹೋಗಬೇಡಿ, ನೀರು ಹಾಕಿದ ಹಾಗೆ ತೂಕ ಬದಲಾಗುತ್ತೆ. ಅಕ್ಕಿಯನ್ನೇ ಅಳೆಯಿರಿ. ನನ್ನ ಪಾಲಿಗೆ ಚಟಾಕು, ಹೆಚ್ಚು ಕಡಿಮೆ 60 ಗ್ರಾಂ, ದಿನಕ್ಕೆ ಒಂದೇ ಹೊತ್ತು. ಕುಕ್ಕರ್ ಒಳಗೆ ನನ್ನದೇ ಪುಟ್ಟ ಪಾತ್ರೆ ಬೇರೆ ಇಡುತ್ತೇನೆ. "ಏನ್ರೀ ಇದು, ಬಾಣಂತಿ ಪಥ್ಯವಾ?" ಅಂತ ಹೆಂಡತಿ ನಕ್ಕಿದ್ದಳು. ರಾತ್ರಿ ಏಳೂವರೆಗೆ ಒಂದು ಮುದ್ದೆ, ಹುರುಳಿಕಾಳು ಇಲ್ಲವೇ ಸೊಪ್ಪಿನ ಸಾರು, ಜೊತೆಗೆ ಮೊಟ್ಟೆ. ಮುದ್ದೆಗೂ ಅಷ್ಟೇ, ಹಿಟ್ಟು ತೂಗಿಯೇ ಹಾಕೋದು.

ಅನ್ನಕ್ಕಿಂತ ದೊಡ್ಡ ಕಳ್ಳ ಎಣ್ಣೆ. ಗ್ರಾಂಗೆ 9 ಕ್ಯಾಲೊರಿ, ಪಿಷ್ಟಕ್ಕಾದರೆ 4. ಒಂದು ಭಾನುವಾರ ಸುಮ್ನೆ ದೋಸೆ ಹುಯ್ಯುವ ಮೊದಲು ಎಣ್ಣೆ ಬಟ್ಟಲು ತೂಗಿದೆ, ಮುಗಿದ ಮೇಲೆ ಮತ್ತೆ ತೂಗಿದೆ. ಆರು ದೋಸೆಗೆ 50 ಗ್ರಾಂ ಹೋಗಿತ್ತು, ಅಂದರೆ 450 ಕ್ಯಾಲೊರಿ! ಮೂರು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾಗುತ್ತಿದ್ದುದು ಈಗ ಒಂದೂವರೆಗೆ ಬಂದಿದೆ. ಒಗ್ಗರಣೆ ನಿಂತಿಲ್ಲ. ಎಣ್ಣೆಯೇ ಹಾಕದ ಒಂದು ಚಟ್ನಿಪುಡಿ ಮಾಡಿಕೊಂಡಿದ್ದೇನೆ. ಹುರುಳಿ, ಅಗಸೆ ಬೀಜ ಅದರಲ್ಲಿವೆ. ಉಳಿದದ್ದು ಹೇಳಲ್ಲ, ಮಾರುವ ಯೋಚನೆ ಇದೆ.

ವ್ಯಾಯಾಮಕ್ಕೆ ಮೈಸೂರಿನವರಿಗೆ ಜಿಮ್ ಯಾಕೆ? ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು. ದಾರಿಯಲ್ಲಿ ಸಿಗುವ ನಂದಿ ವಿಗ್ರಹದವರೆಗೆ ಸುಮಾರು 700, ಪೂರ್ತಿ ಹತ್ತಿದರೆ ಸಾವಿರ. ಮೊದಮೊದಲು ನಂದಿ ಮುಟ್ಟಲು ಮುಕ್ಕಾಲು ಗಂಟೆ ಬೇಕಿತ್ತು, ಈಗ ಅರ್ಧ ಗಂಟೆಯೊಳಗೆ ಮೇಲಿರುತ್ತೇನೆ, ಅದೂ ಬೆನ್ನಿನ ಬ್ಯಾಗಿನಲ್ಲಿ ಐದು ಕೆಜಿ ಅಕ್ಕಿ ಹೊತ್ತು. ಅಕ್ಕಿ ಬಿಡು ಅಂದವರಿಗೆ ಇದನ್ನು ಹೇಳಲೇಬೇಕು ಅಲ್ವಾ! ಮಂಡಿ ಹಾಳಾಗೋದು ಇಳಿಯುವಾಗ. ಹಾಗಾಗಿ ಗಾಡಿ ಮನೆಯಲ್ಲೇ ಬಿಟ್ಟು ಹೋಗುತ್ತೇನೆ, ವಾಪಸ್ ಬರೋದು ಬಸ್ಸಿನಲ್ಲಿ. ಆಷಾಢ ಶುಕ್ರವಾರಗಳಂದು ಮಾತ್ರ ಆ ಕಡೆ ತಲೆ ಹಾಕಬೇಡಿ, ಕಾಲಿಡಲು ಜಾಗ ಇರಲ್ಲ. ಅರಿಶಿನ ಕುಂಕುಮ ಹಚ್ಚಿದ ಮೆಟ್ಟಿಲು ಮಳೆಗೆ ಜಾರುತ್ತೆ, ಅಂಚಿನಲ್ಲಿ ಹತ್ತಿ. ಉಳಿದ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿಗೆ, ಸಂಜೆ ಮನೆಯಲ್ಲೇ ಡಂಬೆಲ್.

83ಕ್ಕೆ ಬಂದು ಎರಡು ತಿಂಗಳು ಅಲುಗಾಡಲಿಲ್ಲ. ಆಗ ಕಣ್ಣಿಗೆ ಬಿದ್ದಿದ್ದು ಕಾಫಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 20 ಕ್ಯಾಲೊರಿ ಹತ್ತಿರ. ಎರಡು ಲೋಟಕ್ಕೆ ಇಳಿಸಿದೆ, ಸಕ್ಕರೆ ಅರ್ಧ ಚಮಚ. ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ರಾತ್ರಿ ಬಿಸಿಬೇಳೆಬಾತ್, ಹಪ್ಪಳ, ಉಪ್ಪಿನಕಾಯಿ ಹೊಡೆದು ಬೆಳಗ್ಗೆ ತೂಕ ನೋಡಿದರೆ ಒಂದು ಕೆಜಿ ಏರಿತ್ತು! ಅದು ಕೊಬ್ಬಲ್ಲ, ಉಪ್ಪು ಹಿಡಿದಿಟ್ಟ ನೀರು. ಎರಡು ದಿನಕ್ಕೆ ಹೋಯಿತು. ಭಾನುವಾರ ಹೀಗೆ ಉಂಡು ಸೋಮವಾರ ತೂಕ ನೋಡಿ ಗಾಬರಿಯಾಗಬೇಡಿ, ನಾನು ಗುರುವಾರ ಮಾತ್ರ ನೋಡೋದು.

ಖರ್ಚು: ಅಡುಗೆಮನೆ ತಕ್ಕಡಿ ನಾನೂರು, ಶೂ ಎರಡೂವರೆ ಸಾವಿರ, ಹಳೇ ಡಂಬೆಲ್ ಸಾವಿರದ ಇನ್ನೂರು. ಪ್ಯಾಂಟುಗಳ ಸೊಂಟ ಹಿಡಿಸಲು ಟೈಲರ್ ಒಂದೊಂದಕ್ಕೆ ನೂರಿಪ್ಪತ್ತು ತೆಗೆದುಕೊಂಡ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.